ಊದಬ್ಯಾಡ್ರಿ, ಎಳ್ಕೋರಿ

ಮೊನ್ನೆ ನೆಗಡಿಯಾಗಿ, ತಲೆತುಂಬ ಚಾದರ ಹೊದ್ದು ಅಜವಾನದ ಹಬೆ ತೆಗೆದುಕೊಳ್ಳುತ್ತಿದ್ದೆ. ಎರಡು ಸಲ ಉಸಿರೆಳೆದವನೇ ಗೊಳ್ಳನೆ ನಕ್ಕುಬಿಟ್ಟೆ. ಹೆಂಡತಿ ಗಾಬರಿಯಿಂದ ಚಾದರ ಸರಿಸಿ ಹಣೆ ಮುಟ್ಟಿ ನೋಡಿದಳು. ಅವಳಿಗೆ ಹೇಳಿದ್ದನ್ನೇ ನಿಮಗೂ ಹೇಳುತ್ತೇನೆ.

ಶಹಾಬಾದಿನ ನಮ್ಮ ವಾಸುಕಾಕಾ ಭೂಗೋಳದ ಮಾಸ್ತರರು. ಎರಡೂ ಹೊತ್ತು ವೆಂಕಟರಮಣನ ಗುಡಿಯಲ್ಲಿ ಶಂಖ ಊದುವ ಸೇವೆಯೂ ಅವರದೇ. ನಿವೃತ್ತರಾದ ಮೇಲೆ ಎಡ ಶ್ವಾಸಕೋಶದಲ್ಲಿ ಕ್ಯಾನ್ಸರ್ ಗಂಟು ಕಾಣಿಸಿತು. ಎರಡು ಸಾವಿರದ ಇಸವಿಯ ಆಚೀಚಿನ ಮಾತು. ವಾಡಿಯಲ್ಲಿ ರೈಲು ಹತ್ತಿಸಿ ಹೈದರಾಬಾದಿನ ಆಸ್ಪತ್ರೆಗೆ ಕರೆದೊಯ್ದವನು ನಾನು. ಧೈರ್ಯಸ್ಥನೆಂದಲ್ಲ, ಮನೆಯಲ್ಲಿ ಕೆಲಸವಿಲ್ಲದವನು ನಾನೊಬ್ಬನೇ ಇದ್ದೆ.

ಗಂಟಿಗೆ ಕಿರಣ ಬಿಡಬೇಕು, ಆದರೆ ಚೆನ್ನಾಗಿ ಉಸಿರಾಡುವ ಭಾಗ ಸುಡಬಾರದು. ಅದು ಎಲ್ಲಿದೆಯೆಂದು ಮೊದಲು ಚಿತ್ರ ತೆಗೆದು ನೋಡುತ್ತೇವೆ ಎಂದರು ಡಾಕ್ಟರು. ಕಾಕಾರದು ಒಂದೇ ಪ್ರಶ್ನೆ: "ಮುಂದ ಶಂಖ ಊದಲಿಕ್ಕ ಆಗ್ತದೇನ್ರಿ?"

ಚಿತ್ರ ತೆಗೆಯುವ ರಾಮುಲು ನಮ್ಮ ಸೇಡಂ ಕಡೆಯವನು, ಕನ್ನಡ ಬಲ್ಲವನು. ವಿಕಿರಣ ಬೆರೆತ ಔಷಧಿಯ ಮಂಜನ್ನು ಕೊಳವೆಯಿಂದ ಒಳಗೆಳೆದುಕೊಳ್ಳಬೇಕೆಂದು ತಿಳಿಸಿ ಹೇಳಿದ. ಆದರೆ ಕೊಳವೆ ತುಟಿಗೆ ತಾಗಿದ್ದೇ ತಡ, ಕಾಕಾ ಕಣ್ಣು ಮುಚ್ಚಿ, ಹೊಟ್ಟೆಯಿಂದ ದಮ್ಮು ತೆಗೆದು ಊದಿಯೇಬಿಟ್ಟರು. ಕೊಳವೆ ಹಾರಿತು. ಮಂಜು ಕೋಣೆ ತುಂಬ.

"ಊದಬ್ಯಾಡ್ರಿ ಸಾರ್, ಎಳ್ಕೋರಿ!" ಎಂದು ರಾಮುಲು ಅವರ ಕಡೆಗೆ ಓಡಿದ. ನಾನು ಬಾಗಿಲ ಕಡೆಗೆ ಓಡಿದೆ. ಆಸ್ಪತ್ರೆಯ ಗೇಟು ದಾಟಿದ ಮೇಲೇ ನಿಂತೆ.

ನಾನು ಮರಳಿ ಬರುವಷ್ಟರಲ್ಲಿ ಕೋಣೆಗೆ ಬೀಗ, ಆ ದಿನವೆಲ್ಲ. ಮಂಜು ತಾಗಿದ ಧೋತರವನ್ನು, ಅದರ ವಿಕಿರಣ ಇಳಿದು ತಣ್ಣಗಾಗಲೆಂದು ಡಬ್ಬಿಯಲ್ಲಿಟ್ಟರು. ಆಸ್ಪತ್ರೆಯ ಹಸಿರು ಗೌನಿನಲ್ಲಿ ಕೂತ ಕಾಕಾ, "ಧೋತರಕ್ಕ ಜ್ವರ ಬಂದಾವೇನೋ?" ಎಂದು ನನ್ನನ್ನೇ ಕೇಳಿದರು.

ರಾಮುಲು ಎಳನೀರು ತರಿಸಿ, ಸ್ಟ್ರಾ ಕೊಟ್ಟು ತಾಲೀಮು ಶುರು ಮಾಡಿದ. ಮೊದಲ ಎರಡು ಕಾಯಿಯ ನೀರು ನನ್ನ ಅಂಗಿಗೆ, ಮೂರನೆಯದು ಅವರ ಹೊಟ್ಟೆಗೆ.

ಮರುದಿನ ಚಿತ್ರ ಬಂತು. ಎಡಗಡೆ ಮೇಲೆಲ್ಲ ಕಪ್ಪು, ಕೆಳಗೆ ಉಸಿರಾಡುವಲ್ಲಿ ಬೆಳಕು. ಕಾಕಾ ನಕಾಶೆಯ ಮೇಲಿಟ್ಟಂತೆ ಬೆರಳಿಟ್ಟರು: "ಇದು ಚಂದ್ರಂಪಳ್ಳಿ ಡ್ಯಾಮಿನ ಕೆಳಗಿನ ನೀರಾವರಿ, ಮುಟ್ಟಬ್ಯಾಡ್ರಿ. ಮ್ಯಾಲಿನ ಬರಡು ಹೊಲದಾಗ ಹಾಯ್ದು ಹೋಗ್ರಿ." ರಾಮುಲು ತೆಲುಗಿನಲ್ಲಿ ತಿಳಿಸಿ ಹೇಳಿದಾಗ ಡಾಕ್ಟರು ನಗಲಿಲ್ಲ. ಕಿರಣಗಳಿಗೆ ಅವರು ಗುರುತು ಹಾಕಿದ ದಾರಿಯೂ ಅದೇ ಆಗಿತ್ತು.

ಚಿಕಿತ್ಸೆ ಮುಗಿದು ಕೆಲವು ತಿಂಗಳಿಗೆ ಕಾಕಾ ಮತ್ತೆ ಶಂಖ ಹಿಡಿದರು. ಬಂದದ್ದು ಎಮ್ಮೆಕರುವಿನ ಕೂಗು. ನಗು ಮುಚ್ಚಿಕೊಳ್ಳಲು ಗುಡಿಯೆಲ್ಲ ತಲೆ ತಗ್ಗಿಸಿತು. "ಸಾಕ್ರಿ, ದೇವರಿಗಿ ಕೇಳಿಸ್ತು," ಎಂದರು ಕಾಕಿ. ನಗುತ್ತಲೇ ಸೆರಗಿನಿಂದ ಕಣ್ಣೊರೆಸಿಕೊಂಡರು. ಆಮೇಲೆ ಮೂರು ವರ್ಷ, ಬೇನೆ ಬೇರೆ ಕಡೆ ತಲೆಯೆತ್ತುವವರೆಗೆ, ಕಾಕಾ ಊದಿದರು. ಬಂದವರಿಗೆಲ್ಲ ಹೇಳುತ್ತಿದ್ದರು: "ನಮ್ಮ ಅಣ್ಣನ ಮಗ ಒಂದು ಗಳಿಗಿನೂ ನನ್ನ ಬಿಟ್ಟು ಕದಲಲಿಲ್ಲ."

ನಾನೂ ಆ ಮಾತನ್ನು ಎಂದೂ ತಿದ್ದಲಿಲ್ಲ. ಮೊನ್ನೆಯೇ ಮೊದಲ ಸಲ, ಗೇಟಿನವರೆಗೆ ಓಡಿದ್ದನ್ನು ಹೆಂಡತಿಗೆ ಒಪ್ಪಿಸಿದೆ.

"ಗೊತ್ತದ," ಎಂದಳು ಅವಳು. "ನಮ್ಮ ಮದುವ್ಯಾದ ವರ್ಷನೇ ಕಾಕಾ ಹೇಳ್ಯಾರ. ಅವಂಗ ಕೇಳಬ್ಯಾಡವ್ವ, ಭಾಳ ನಾಚ್ಕೋತಾನ ಅಂದಿದ್ರು."