ನಡುಮನೆಯಲ್ಲಿ ಮದಲೂರಿನ ಹೊಲ

ಈಚೆಗೆ ಒಂದು ಭಾನುವಾರ ನಮ್ಮ ಮನೆಯಲ್ಲಿ ಜಮೀನು ಪಂಚಾಯ್ತಿ ನಡೆಯಿತು. ಜಮೀನು ಕೂಡ ನಮ್ಮ ಮನೆಯಲ್ಲೇ ಇತ್ತು. ನಡುಮನೆಯ ಮಂಚದ ಮೇಲೆ, ಕದದಷ್ಟು ದೊಡ್ಡ ಹಲಗೆಯಲ್ಲಿ, ಬಾವಿ, ಬದು, ಬಣವೆ, ಟ್ರ್ಯಾಕ್ಟರ್ ಸಮೇತ.

ನನಗೆ ಹುಚ್ಚು ಅಂದುಕೊಳ್ಳಬೇಡಿ. ಮೊದಲಿಂದ ಹೇಳುತ್ತೇನೆ.

ನಮ್ಮವರು ಶಿರಾದಲ್ಲಿ ಬ್ಯಾಂಕ್ ಕ್ಲರ್ಕ್. ಬೇರೆಯವರ ಗಂಡಂದಿರು ಸಂಜೆ ಇಸ್ಪೀಟು ಆಡುತ್ತಾರೆ, ಇಲ್ಲವೇ ಟೀವಿ ಇರುವ ಮನೆ ಹುಡುಕಿಕೊಂಡು ಹೋಗುತ್ತಾರೆ. ಇವರು ಕೂತು ಬೇಸಾಯದ ಮಾಡೆಲ್ ಮಾಡುತ್ತಾರೆ. (ನಿಜವಾದ ಬೇಸಾಯ ಇವರ ವಂಶದಲ್ಲೇ ಯಾರೂ ಮಾಡಿಲ್ಲ.) ಎಣ್ಣೆ ಡಬ್ಬದ ತಗಡಿನಿಂದ ಟ್ರ್ಯಾಕ್ಟರ್, ತೆಂಗಿನ ನಾರಿನಿಂದ ಬಣವೆ, ಹವಾಯಿ ಚಪ್ಪಲಿ ಕತ್ತರಿಸಿ ಟೈರು. ಎಲ್ಲವೂ ನಿಜದ ಅಳತೆಯ ಮೂವತ್ತೆರಡನೇ ಒಂದು ಪಾಲು. ಚಪ್ಪಲಿ ನನ್ನದು. ಹೊಸದು.

ಮಾಡಲಿ, ಬೇಡ ಅನ್ನುವುದಿಲ್ಲ. ಮಾಡಿದ್ದನ್ನು ಹಾಳು ಮಾಡುವುದು ಯಾಕೆ? ಥಳಥಳ ಹೊಳೆಯುವ ಹಾಗೆ ಪೇಂಟ್ ಹಚ್ಚಿ, ಒಣಗಿಸಿ, ಆಮೇಲೆ ಅದನ್ನು ಕೆರೆದು ಹಳೆಯದು ಮಾಡುತ್ತಾರೆ. ಉಪ್ಪು ನೀರಿನಲ್ಲಿ ಮೊಳೆ ನೆನೆಸಿಟ್ಟು ತುಕ್ಕು ಬೆಳೆಸಿ, ಅದನ್ನು ಪೇಂಟಿನ ಮೇಲೆ ಬಳಿಯುತ್ತಾರೆ. ಗ್ಯಾರೇಜಿನ ಖಾದರ್ ಸಾಬರು ಒಮ್ಮೆ ಬಂದು ನೋಡಿ, "ಜಂಗ್ ತೆಗ್ಸೋಕೆ ಜನ ನಮ್ಮತ್ರ ಬರ್ತಾರೆ. ನೀವು ಜಂಗ್ ಹಚ್ತಾ ಇದ್ದೀರಲ್ಲ ಸಾರ್?" ಎಂದರು. ಉತ್ತರಕ್ಕೆ ಕಾಯದೆ ನನ್ನನ್ನು ಮರುಕದಿಂದ ನೋಡಿ ಹೋದರು.

ಧೂಳಿನದು ಇನ್ನೊಂದು ಕತೆ. ಮಧುಗಿರಿಯ ಧೂಳು ಒಂದು ಡಬ್ಬಿಯಲ್ಲಿ, ಕೊರಟಗೆರೆಯದು ಇನ್ನೊಂದರಲ್ಲಿ, ಪಾವಗಡದ್ದು ಮತ್ತೊಂದರಲ್ಲಿ. ಒಂದೊಂದು ಊರಿನದು ಒಂದೊಂದು ಬಣ್ಣವಂತೆ. ಒಮ್ಮೆ ನಾನು ನಡುಮನೆ ಗುಡಿಸಿದ್ದಕ್ಕೆ, "ಪಾವಗಡದ ಮಣ್ಣು ಹೋಯ್ತಲ್ಲೇ" ಎಂದು ಮೊರದ ಮುಂದೆ ಕೂತುಬಿಟ್ಟರು. ಅದನ್ನು ಕಸದಿಂದ ಹೆಕ್ಕಿಕೊಟ್ಟವಳೂ ನಾನೇ.

ಈ ಸಲ ಅವರು ಮಾಡಿದ್ದು ಮದಲೂರು ಕೆರೆಯ ಕೆಳಗಿನ ಒಂದು ಜಾಗ. ಸೈಕಲ್ ತುಳಿದು ಹೋಗಿ, ಬದುವಿನ ಮೇಲೆ ಕೂತು ಚಿತ್ರ ಬರೆದುಕೊಂಡು ಬಂದು, ಇದ್ದದ್ದನ್ನು ಇದ್ದ ಹಾಗೇ ಮಾಡಿದರು. ನಡುವೆ ಬದು, ಆಚೆ ಈಚೆ ಎರಡು ಕಡಲೆಕಾಯಿ ಹೊಲ, ಮಡ್‌ಗಾರ್ಡ್ ನೆಗ್ಗಿದ, ಒಂದು ದೀಪ ಒಡೆದ ಟ್ರ್ಯಾಕ್ಟರ್. ಅದನ್ನು ಹೈಸ್ಕೂಲ್ ಮೈದಾನದ ಕೃಷಿ ವಸ್ತುಪ್ರದರ್ಶನದಲ್ಲಿ ಇಟ್ಟರು. ಜನ ಮುತ್ತಿಕೊಂಡರು.

ಆ ಜನರಲ್ಲಿ ಟ್ರ್ಯಾಕ್ಟರಿನ ಯಜಮಾನ ರಂಗಪ್ಪನೂ ಇದ್ದ.

"ಇದು ನನ್ ಟ್ಯಾಕ್ಟ್ರು ಕಣ್ರಲಾ," ಎಂದ ಹೆಮ್ಮೆಯಿಂದ. "ಮಡ್ಗಾಡು ನೆಗ್ಗಿರೋದೂ ಅಂಗೇ ಐತೆ."

ಹೆಮ್ಮೆ ಹೆಚ್ಚು ಹೊತ್ತು ಉಳಿಯಲಿಲ್ಲ. ಪಕ್ಕದ ಹೊಲದ ಸಣ್ಣೀರಪ್ಪ ಹಿಂದಿನಿಂದ ಕತ್ತು ಚಾಚಿ, "ಔದು, ನಿಂದೇಯ. ಅದ್ರ ಗಾಲಿ ನನ್ ಹೊಲದಾಗೆ ಯಾಕೆ ಹೋಗೈತೆ?" ಎಂದು ಕೇಳಿದ.

ಹೋಗಿತ್ತು. ಸಣ್ಣೀರಪ್ಪನ ಕಡಲೆಕಾಯಿ ಗಿಡಗಳ ಮೇಲೆ ಟೈರಿನ ಗುರುತು ಅಚ್ಚುಕಟ್ಟಾಗಿ ಮೂಡಿತ್ತು. ರಂಗಪ್ಪನ ಇಕ್ಕಟ್ಟಾದ ಹೊಲದ ನಡುವೆ ಬಾವಿ ಇದೆ. ಅದನ್ನು ಸುತ್ತಿಕೊಂಡು ಹೋಗಬೇಕಾದರೆ ಟ್ರ್ಯಾಕ್ಟರ್ ಬದು ಹತ್ತಿ ಪಕ್ಕದ ಹೊಲಕ್ಕೆ ಇಳಿಯಲೇಬೇಕು. ಇಳಿದೇ ಇಲ್ಲ ಎಂದು ರಂಗಪ್ಪ ವರ್ಷಗಳಿಂದ ಆಣೆ ಹಾಕುತ್ತಾ ಬಂದಿದ್ದ. ತಮಾಷೆ ಅನ್ನಬೇಡಿ. ರಂಗಪ್ಪನ ಮಗಳು ಗೌರಮ್ಮನನ್ನು ಸಣ್ಣೀರಪ್ಪನ ಮಗನಿಗೇ ಕೊಟ್ಟಿದೆ. ಜಗಳ ಶುರುವಾದ ಮೇಲೆ ಅವಳು ಕಣ್ಣೆದುರಿಗಿರುವ ತವರಿಗೆ ಒಂದು ಹಬ್ಬಕ್ಕೂ ಹೋಗಿಲ್ಲ.

ಮುಂದಿನ ಭಾನುವಾರ ಇಬ್ಬರೂ ಊರಿನ ಹಿರಿಯ ಹನುಮಂತಜ್ಜನನ್ನು ಕರೆದುಕೊಂಡು ನಮ್ಮ ಮನೆಗೇ ಬಂದರು. ನಾನು ಕಾಫಿ ಕೊಟ್ಟೆ.

"ಆ ಗುರ್ತು ಒಸಿ ಅಳಿಸ್ಬುಡಿ ಸಾಮಿ," ಎಂದ ರಂಗಪ್ಪ.

"ಅಳಿಸಿದ್ರೆ ಸಾಕ್ಷಿ ಸಾಯಿಸ್ದಂಗೆ," ಎಂದ ಸಣ್ಣೀರಪ್ಪ.

ನಮ್ಮವರಿಗೆ ನ್ಯಾಯದ ಚಿಂತೆ ಇರಲಿಲ್ಲ. "ಟೈರಿಗೆಲ್ಲಾ ಮಣ್ಣು ಮೆತ್ತಿದೀನಿ. ಗುರುತು ಇಲ್ಲದಿದ್ರೆ ಟ್ರ್ಯಾಕ್ಟರ್ ಏನು ಆಕಾಶದಿಂದ ಇಳೀತಾ?" ಎಂದರು.

ಅಜ್ಜ ಮಂಚದ ಸುತ್ತ ಒಂದು ಪ್ರದಕ್ಷಿಣೆ ಬಂದರು. ಬದುವಿನ ಮೇಲೆ ಬೆರಳಿಟ್ಟು, ಸಣ್ಣೀರಪ್ಪನ ಕಡೆ ತಿರುಗಿ, "ಇದ್ರುದ್ದಕ್ಕೂ ಒಂದು ದಾರಿ ಮಾಡ್ಕಳಿ. ನಿನ್ ಎತ್ತಿನ್ ಗಾಡಿಗೂ ಆಯ್ತು, ಅವ್ನ್ ಟ್ಯಾಕ್ಟ್ರುಗೂ ಆಯ್ತು. ಇಬ್ರೂ ಎರಡೆರಡು ಬೆಳ್ಳು ಬುಡಿ," ಎಂದರು.

ಎರಡು ಬೆರಳು. ಬೇರೆಯವರ ಮನೆ, ಕೈಯಲ್ಲಿ ಕಾಫಿ ಲೋಟ. ಎರಡು ಬೆರಳು ಇಲ್ಲ ಅನ್ನಲು ಯಾರಿಗೆ ಬಾಯಿ ಬರುತ್ತದೆ?

"ಎರಡ್ ಬೆಳ್ಳು ತಾನೆ, ತಗಳಿ," ಎಂದ ಸಣ್ಣೀರಪ್ಪ.

ಬೀಗನ ಮುಂದೆ ರಂಗಪ್ಪ ಸೋಲುವುದುಂಟೆ? "ನಂದು ಮೂರು ತಗಳಿ," ಎಂದ.

ಅಜ್ಜ ತಡಮಾಡಲಿಲ್ಲ. ದೇವರ ದೀಪ ಹಚ್ಚಲು ನನಗೆ ಹೇಳಿ, ಇಬ್ಬರಿಂದಲೂ ಮುಟ್ಟಿಸಿ ಮಾತು ತೆಗೆದುಕೊಂಡರು. ನಮ್ಮವರು ಆಗಲೇ ಚಾಕು ಹಿಡಿದು ಬದು ಕೆರೆಯುತ್ತಿದ್ದರು. ಅರ್ಧ ಗಂಟೆಯಲ್ಲಿ ಹೊಲದ ನಡುವೆ ಗಾಡಿ ಜಾಡು, ಜಾಡಿನಲ್ಲಿ ಒಂದು ಒಣ ಸಗಣಿ ಕೂಡ.

ಮರುದಿನ ರಜ ಹಾಕಿ, ಟೇಪು ಹಿಡಿದು ಮದಲೂರಿಗೆ ಹೋದರು. ಮಂಚದ ಮೇಲಿನ ಎರಡು ಬೆರಳು ಹೊಲದಲ್ಲಿ ನಾಲ್ಕು ಅಡಿಯಾಯಿತು. ಮೂರು ಬೆರಳು ಆರು ಅಡಿ. ಸುಣ್ಣದ ಗೆರೆ ನೋಡಿ ರಂಗಪ್ಪ ಬದುವಿನ ಮೇಲೆ ಕುಸಿದು ಕೂತ.

"ಮೂರ್ ಬೆಳ್ಳು ಅಂದಿದ್ದು ಸಾಮಿ. ಇದ್ಯಾರ್ ಬೆಳ್ಳು?" ಎಂದು ಕೇಳಿದನಂತೆ.

ದೀಪ ಮುಟ್ಟಿ ಆಗಿತ್ತು. ಅಜ್ಜ ಗೂಟ ಹೊಡೆಸಿಯೇ ಎದ್ದರು.

ಆ ದಾರಿಯಲ್ಲಿ ಮೊದಲು ಹೋದದ್ದು ಗಾಡಿಯೂ ಅಲ್ಲ, ಟ್ರ್ಯಾಕ್ಟರೂ ಅಲ್ಲ. ಗೌರಮ್ಮ. ಸೊಂಟದ ಮೇಲೆ ಮಗು, ಕೈಯಲ್ಲಿ ಒಂದು ಚೀಲ. "ಎಲ್ಲಿಗಮ್ಮಾ?" ಎಂದು ಮಾವ ಕೇಳಿದ್ದಕ್ಕೆ, "ದಾರಿ ಐತಲ್ಲ ಮಾವ, ಅಮ್ಮನ್ನ ನೋಡ್ಕಂಡ್ ಬತ್ತೀನಿ," ಎಂದಳಂತೆ. ಇದನ್ನು ಹೇಳುವಾಗ ನಮ್ಮವರು ಪಂಚೆಯ ಅಂಚಿನಿಂದ ಕಣ್ಣೊರೆಸಿಕೊಂಡರು. (ಗಾಡಿ ಜಾಡು ಸರಿಯಾಗಿ ಬಂದಿದೆ ಎಂಬ ಸಂತೋಷಕ್ಕೂ ಇರಬಹುದು.)

ನಿಜದ ಹೊಲದಲ್ಲಿ ನಿಂತು ಕೇಳಿದ್ದರೆ ಒಂದು ಗೇಣು ಬಿಡುತ್ತಿದ್ದರೇ? ನಾವೆಲ್ಲ ಧಾರಾಳಿಗಳೇ, ಕೇಳುವವರು ಸಣ್ಣದಾಗಿ ಕೇಳಬೇಕು ಅಷ್ಟೆ.

ಸುದ್ದಿ ಹಬ್ಬಿದೆ. ನಿನ್ನೆ ಪಾವಗಡದ ಕಡೆಯವರೊಬ್ಬರು ಬಂದು, "ಮಾ ಇಲ್ಲು, ಅದೇ ನಮ್ ಮನೆ, ಅದೂ ಇಂಗೇ ಮಾಡ್ಕೊಡಿ ಸಾರ್. ನಂಗೂ ನನ್ ತಮ್ಮುಡಿಗೂ ನಡುವೆ ಗೋಡೆ ಎಲ್ಲಿ ಬರ್ಬೇಕೋ ನೋಡ್ಕೊಂತೀವಿ," ಎಂದು ಹೇಳಿ ಹೋದರು. ನಮ್ಮವರು ಆಗಲೇ ತಗಡು ಕತ್ತರಿಸುತ್ತಿದ್ದಾರೆ.

ನಾನೂ ಒಂದು ಆರ್ಡರ್ ಕೊಟ್ಟಿದ್ದೇನೆ: ನಮ್ಮ ಅಡುಗೆಮನೆ, ಇದ್ದದ್ದು ಇದ್ದ ಹಾಗೇ. ಒಲೆಯ ಮುಂದೆ ಯಾರನ್ನು ನಿಲ್ಲಿಸುತ್ತಾರೋ, ನೋಡಬೇಕು.