ಮಾಮನ ಕಾರಿನ ಬ್ಯಾಟರಿ

ಮಾರ್ಗಳಿ ತಿಂಗಳ ಚಳಿಯಲ್ಲಿ ಮೂರನೇ ಸಲ ಬ್ಯಾಟರಿ ಇಳಿದಾಗ, ಮೆಕ್ಯಾನಿಕ್ ಆದ ನಾನು ಪಕ್ಕದ ಮನೆಯ ಅತ್ತೆಯ ಮೇಲೆ ರೇಗಿಬಿಟ್ಟೆ. "ದಿನಾ ಕಾರು ಸ್ಟಾರ್ಟ್ ಮಾಡಿ ನಿಂತಲ್ಲೇ ಆಫ್ ಮಾಡಿದ್ರೆ ಬ್ಯಾಟರಿ ತಡೀತದಾ ಅತ್ತೆ?"

ಅತ್ತೆ ಒಳಗಿನ ಮಂಚದತ್ತ ನೋಡಿದರು. ಮೂವತ್ತು ವರ್ಷ ಆ ಕಾರು ಓಡಿಸಿದ ಅವರ ಗಂಡ, ಮಾಮ, ಎಡಭಾಗಕ್ಕೆ ಲಕ್ವ ಹೊಡೆದು ಅಲ್ಲಿ ಮಲಗಿದ್ದರು. "ಕಾರು ವಂಡಿ ಸದ್ದು ಕೇಳಿದ್ರೆ ತಾನೇ ತಂಬಿ, ಅವರು ಕಾಪಿ ಕುಡಿಯೋದು."

ಬ್ಯಾಟರಿಗೆ ದೂರದ ಓಟ ಬೇಕು ಎಂದು ಹೇಳಿ ಮಾಮನನ್ನು ಎತ್ತಿ ಮುಂದಿನ ಸೀಟಿನಲ್ಲಿ ಕೂರಿಸಿದೆ. ಕೊಂಬೈ ಊರಿನ ರಸ್ತೆಗೆ ಬಂದಾಗ ಅವರ ಬಲಗೈ ಮೆಲ್ಲಗೆ ಸರಿದು, ಗೇರಿನ ಮೇಲಿದ್ದ ನನ್ನ ಕೈಯನ್ನು ತಳ್ಳಿತು. ನಾನು ಕ್ಲಚ್ ಒತ್ತಿದೆ. ಗೇರ್ ಅವರು ಹಾಕಿದರು.

ಈಗ ಪ್ರತಿ ಭಾನುವಾರ ಹೋಗುತ್ತೇವೆ. ಬ್ಯಾಟರಿ ಮತ್ತೆ ಇಳಿದಿಲ್ಲ. ಗೇರಿಗೆ ನಾನು ಕೈ ಹಾಕುವುದೇ ಇಲ್ಲ.