ಹಲಗೆಯ ಮೇಲಿನ ಬೆರಳುಗಳು

ಬೀದಿಯ ಜನ ಅವಳನ್ನು ತಂತಿ ಅಕ್ಕ ಎಂದೇ ಕರೆಯುತ್ತಿದ್ದರು. ವಯಸ್ಸು ಐವತ್ತೆರಡು. ಎರಡು ಕೋಣೆಯ ಮನೆಯ ಮುಂಗೋಣೆಯಲ್ಲಿ, ಕಿಟಕಿಗೆ ತಾಗಿಸಿದ ಮೇಜಿನ ಮುಂದೆ ಕುಳಿತು, ತಂತಿ ಸುತ್ತಿ ಮಣಿಯ ಉಂಗುರ ಮಾಡುವುದರಲ್ಲೇ ಅವಳ ಇಪ್ಪತ್ತಾರು ವರ್ಷ ಕಳೆದಿತ್ತು. ಜೊತೆಗಿದ್ದವಳು ತಂಗಿ ಒಬ್ಬಳೇ. ಆ ತಂಗಿಗೆ ನಲವತ್ತನಾಲ್ಕು ತುಂಬಿದ್ದರೂ ಅಕ್ಕನ ಬಾಯಲ್ಲಿ ಅವಳಿನ್ನೂ ಪುಟ್ಟಿ.

ಈ ಕೆಲಸಕ್ಕೆ ಬೆಂಕಿ ಬೇಡ, ಬೆಸುಗೆ ಬೇಡ. ತುದಿಗೆ ಹೋದಂತೆ ಸಣ್ಣಗಾಗುವ, ಮೈತುಂಬ ಗೆರೆ ಕೊರೆದ ಕಬ್ಬಿಣದ ಅಳತೆಕೋಲು ಒಂದು, ಇಕ್ಕಳ ಎರಡು, ಇಷ್ಟೇ ಸಾಮಾನು. ತಂತಿಗೆ ಮಣಿ ಪೋಣಿಸಿ, ಕೋಲಿಗೆ ಮೂರು ಸುತ್ತು ಸುತ್ತಿ, ಉಳಿದ ಬಾಲವನ್ನು ಮಣಿಯ ಕುತ್ತಿಗೆಗೆ ಬಿಗಿದು, ತುದಿ ಚುಚ್ಚದಂತೆ ಒಳಗೆ ಮಡಚಬೇಕು. ಅಂಗೈ ಕಡೆಗೆ ಬರುವ ಭಾಗದಲ್ಲಿ ಮೂರು ಸುತ್ತೂ ಅಗಲಿಕೊಳ್ಳದಂತೆ ಎಳೆ ತಂತಿಯಿಂದ ಒತ್ತೊತ್ತಾಗಿ ಕಟ್ಟು ಹಾಕಿದರೆ ಉಂಗುರ ಮುಗಿಯಿತು. ಕೊಡುವಾಗ ಪ್ರತಿಯೊಬ್ಬರಿಗೂ ಅವಳು ಒಂದೇ ಮಾತು ಹೇಳುತ್ತಿದ್ದಳು.

"ಪಾತ್ರೆ ತೊಳೆಯೋವಾಗ ತೆಗೆದಿಡಿ. ಕಿಲುಬು ಹಿಡಿದ್ರೆ ಒಂದು ತೊಟ್ಟು ನಿಂಬೆರಸ ಹಚ್ಚಿ, ತಕ್ಷಣ ಒಣಬಟ್ಟೇಲಿ ಒರೆಸಿ. ಮಗು ಥರ ನೋಡ್ಕೊಳ್ಳಿ, ಸ್ನಾನ ಮಾತ್ರ ಮಾಡಿಸಬೇಡಿ."

ಅವಳ ಬೆನ್ನಿನ ಹಿಂದಿನ ಗೋಡೆಗೆ ಒಂದು ಉದ್ದನೆಯ ಹಲಗೆ ಇತ್ತು. ಅದರ ತುಂಬ ಮೊಳೆಗಳು. ಯಾರಿಗೇ ಉಂಗುರ ಮಾಡಲಿ, ಅದರ ಕಟ್ಟಿನಿಂದ ಉಳಿದ ಎಳೆ ತಂತಿಯಲ್ಲಿ ಅದೇ ಬೆರಳಳತೆಯ ಒಂದು ಪುಟ್ಟ ಬಳೆ ಮಾಡಿ, ಚೀಟಿ ಕಟ್ಟಿ ಮೊಳೆಗೆ ನೇತುಹಾಕುವುದು ಅವಳ ಪದ್ಧತಿ. "ಉಂಗುರ ಕಳೆದ್ರೆ ಹೇಳಿ ಕಳಿಸಿ ಸಾಕು, ನಿಮ್ಮ ಬೆರಳು ನನ್ನ ಹತ್ರಾನೇ ಇದೆ" ಎಂದು ನಗುತ್ತಿದ್ದಳು. ಫ್ಯಾನು ತಿರುಗಿದರೆ ನೂರಾರು ಬಳೆಗಳು ಹಲಗೆಗೆ ತಾಗಿ ಸಣ್ಣಗೆ ಸದ್ದು ಮಾಡುತ್ತಿದ್ದವು. ಹೊಸಬರು ಆ ಸದ್ದಿಗೆ ಒಮ್ಮೆ ತಿರುಗಿ ನೋಡದೆ ಇರುತ್ತಿರಲಿಲ್ಲ.

ಯಾರಾದರೂ ತೀರಿಕೊಂಡ ಸುದ್ದಿ ಬಂದರೆ ಅವರ ಬಳೆಯನ್ನು ಇಳಿಸಿ, ಬಿಚ್ಚಿ, ನೆಟ್ಟಗೆ ಮಾಡಿ ಒಂದು ಬಿಸ್ಕತ್ತಿನ ಡಬ್ಬಿಯಲ್ಲಿ ಹಾಕುತ್ತಿದ್ದಳು. ಆ ತಂತಿಯನ್ನು ಮತ್ತೆ ಯಾರ ಉಂಗುರಕ್ಕೂ ಬಳಸುತ್ತಿರಲಿಲ್ಲ.

ಇಷ್ಟು ವರ್ಷ ಬೆರಳು ಹಿಡಿದವಳಿಗೆ ಒಂದು ವಿಷಯ ತಾನಾಗಿಯೇ ತಿಳಿದುಹೋಗಿತ್ತು. ಮನುಷ್ಯನಿಗೆ ಒಳಗೆ ಏನಾದರೂ ಹತ್ತಿಕೊಂಡರೆ ಮುಖಕ್ಕಿಂತ ಮೊದಲು ಬೆರಳು ಬಡವಾಗುತ್ತದೆ. ಎರಡು ವರ್ಷದ ಹಿಂದೆ ಎದುರು ಸಾಲಿನ ದರ್ಜಿ ಬಂದು ಉಂಗುರ ಮುಂದಿಟ್ಟಿದ್ದ.

"ಇದು ಜಾರ್ತಾ ಇದೆ ಅಕ್ಕ. ತಂತಿ ಸಡಿಲ ಆಗಿದೆ ನೋಡು."

ಅವಳು ಉಂಗುರವನ್ನು ಕೋಲಿಗೆ ಹಾಕಿದಳು, ಅವನ ಬಳೆಯನ್ನೂ ಹಾಕಿದಳು. ಎರಡೂ ಒಂದೇ ಗೆರೆಗೆ ನಿಂತವು.

"ತಂತಿ ಸರಿಯಾಗೇ ಇದೆ. ನೀನು ಸಣ್ಣ ಆಗಿದ್ದೀಯ. ಮೊದಲು ಡಾಕ್ಟರ ಹತ್ರ ಹೋಗು."

"ಬಟ್ಟೆ ಬಿಗಿ ಮಾಡು ಅಂತ ಬಂದವರನ್ನೆಲ್ಲ ನಾನು ಡಾಕ್ಟರ ಹತ್ರ ಕಳಿಸಿದ್ರೆ ನನ್ನ ಅಂಗಡಿ ನಡೆದ ಹಾಗೇ! ಬಿಗಿ ಮಾಡಿಕೊಡು ತಾಯಿ."

ಮಾಡಿಕೊಟ್ಟಳು. ನಾಲ್ಕು ತಿಂಗಳಿಗೆ ಅವನ ಬಳೆ ಡಬ್ಬಿ ಸೇರಿತು. ಆಮೇಲೆ ಲೆಕ್ಕದ ಮೇಷ್ಟರು, ಬ್ರೆಡ್ಡಿನ ಅಂಗಡಿಯ ಯಜಮಾನಿ, ಹಳೆಯ ನರ್ಸು, ಮೂಲೆಮನೆಯ ಅಜ್ಜಿ. ಐವರೂ ಉಂಗುರ ಬಿಗಿ ಮಾಡಿಸಿಕೊಂಡವರು, ಐವರೂ ಹೋದರು. ಬೀದಿಯಲ್ಲಿ ಗುಸುಗುಸು ಶುರುವಾಯಿತು. ಉಂಗುರ ಸಡಿಲಾದವರು ಒಳಗೆ ದಾರ ಸುತ್ತಿಕೊಂಡು ತಿರುಗಿದರೇ ಹೊರತು ಅವಳ ಬಾಗಿಲಿಗೆ ಬರಲಿಲ್ಲ. ತಂತಿ ಅಕ್ಕ ಇದನ್ನು ಮನಸ್ಸಿಗೆ ಹಚ್ಚಿಕೊಳ್ಳಲಿಲ್ಲ. ತನ್ನ ಬೆರಳಿನಲ್ಲಿದ್ದ ಹಸಿರು ಮಣಿಯ ಉಂಗುರವನ್ನು ತಿರುಗಿಸಿ, "ನನ್ನದು ಹನ್ನೆರಡು ವರ್ಷದಿಂದ ಹಾಗೇ ಕೂತಿದೆ, ನಾನು ಗಟ್ಟಿ" ಎನ್ನುತ್ತಿದ್ದಳು. ಮೆಟ್ಟಿಲು ಹತ್ತಿದರೆ ಏದುಸಿರು ಬರುತ್ತಿತ್ತು, ಊಟ ಸೇರುತ್ತಿರಲಿಲ್ಲ. ಆದರೂ ಉಂಗುರ ಅಲುಗಾಡುವುದಿಲ್ಲವಲ್ಲ ಎಂಬ ಧೈರ್ಯ. ಪ್ರತಿ ಭಾನುವಾರ ತಂಗಿ ಅದನ್ನು ಇಸಿದುಕೊಂಡು ಹಿತ್ತಲಿಗೆ ಹೋಗಿ, ನಿಂಬೆರಸ ಹಚ್ಚಿ ಒರೆಸಿ, ಫಳಫಳ ಮಾಡಿ ತಂದು ತಾನೇ ತೊಡಿಸುತ್ತಿದ್ದಳು.

ಒಂದು ಮಧ್ಯಾಹ್ನ, ತಂಗಿ ಸಾಮಾನು ತರಲು ಹೋಗಿದ್ದಾಗ, ನಿವೃತ್ತ ಬಸ್ ಕಂಡಕ್ಟರ್ ಒಬ್ಬ ಬಾಗಿಲಲ್ಲಿ ನಿಂತ. ಒಳಗೆ ಬರಲೋ ಬೇಡವೋ ಎಂಬಂತೆ ಒಂದು ಕಾಲು ಹೊಸ್ತಿಲ ಆಚೆಗೇ ಇತ್ತು.

"ಮನೆಯವಳಿಗೆ ಒಂದು ಉಂಗುರ ಬೇಕಾಗಿತ್ತು. ಆದ್ರೆ ಅಲ್ಲಮ್ಮ, ನಿಮಗೆ ಬೆರಳು ಕೊಟ್ಟವರೆಲ್ಲ ಸಾಲಾಗಿ ಟಿಕೆಟ್ ತಗೊಂಡ್ರಂತಲ್ಲ!"

"ಟಿಕೆಟ್ ಹರಿಯೋದು ನಿಮ್ಮ ಕೆಲಸ ಸ್ವಾಮಿ, ನನ್ನದಲ್ಲ" ಎಂದು ಅವಳು ಎದ್ದಳು. "ಬಳೆ ಅಂದ್ರೆ ಬರೀ ಅಳತೆ. ನೋಡಿ, ಇದು ನಂದು. ನನ್ನ ಉಂಗುರ ಮಾಡಿದ ದಿನವೇ ಮಾಡಿದ್ದು. ಹನ್ನೆರಡು ವರ್ಷ ಆಯ್ತು, ನನಗೇನಾಗಿದೆ?"

ಹಲಗೆಯ ಮೊದಲ ಮೊಳೆಯಿಂದ ತನ್ನ ಬಳೆ ತೆಗೆದಳು. ಉಂಗುರ ಕಳಚಿ ಮೇಜಿನ ಮೇಲಿಟ್ಟು, ಅದೇ ಬೆರಳಿಗೆ ಬಳೆ ತೊಟ್ಟು ಕೈ ಮುಂದೆ ಚಾಚಿದಳು. ಬಳೆ ಗೆಣ್ಣು ದಾಟಿ ಜಾರಿತು. ಸಿಮೆಂಟಿನ ನೆಲದ ಮೇಲೆ ಉರುಳುತ್ತ ಹೋಗಿ ಕಂಡಕ್ಟರನ ಚಪ್ಪಲಿಯ ಹತ್ತಿರ ಮಲಗಿತು.

ಅವನು ಚಪ್ಪಲಿ ಹಿಂದಕ್ಕೆಳೆದುಕೊಂಡ. "ಇನ್ನೊಂದು ದಿನ ಬರ್ತೀನಿ" ಎಂದವನು ಬಿಸಿಲಿಗೆ ಇಳಿದು ಹೋಗಿಯೇಬಿಟ್ಟ.

ತಂತಿ ಅಕ್ಕ ಬಳೆಯನ್ನು ಹೆಕ್ಕಿ ಕೋಲಿಗೆ ಹಾಕಿದಳು. ಹದಿನಾರನೇ ಗೆರೆ. ಅಂದು ಚೀಟಿಯಲ್ಲಿ ಬರೆದದ್ದೂ ಹದಿನಾರೇ. ಬಳೆ ಬೆಳೆದಿರಲಿಲ್ಲ. ಉಂಗುರ ಹಾಕಿದಳು. ಅದು ಹದಿಮೂರರಲ್ಲೇ ನಿಂತುಬಿಟ್ಟಿತು. ತಿರುಗಿಸಿ ಹಾಕಿದರೂ ಅಷ್ಟೇ.

ಉಂಗುರ ತಾನಾಗಿ ಸಣ್ಣಗಾಗಿದೆ ಎಂದೇ ಅವಳಿಗೆ ಅನ್ನಿಸಿತು. ಬೆರಳು ಇಳಿದಂತೆಲ್ಲ ಅದೂ ಬೆರಳಿನ ಹಿಂದೆಯೇ ಇಳಿದಿತ್ತು. ಕರೆಂಟು ಹೋಗಿ ಫ್ಯಾನು ನಿಂತಿತ್ತು, ಹೊರಗೆ ಎಲೆಯೂ ಅಲ್ಲಾಡುತ್ತಿರಲಿಲ್ಲ. ಆದರೂ ಬೆನ್ನ ಹಿಂದೆ ಬಳೆಗಳು ಒಮ್ಮೆ ಸಣ್ಣಗೆ ಸದ್ದು ಮಾಡಿದಂತಾಯಿತು. ತಿರುಗಿ ನೋಡುವ ಧೈರ್ಯ ಬರಲಿಲ್ಲ.

ಇಕ್ಕಳ ಎತ್ತಿಕೊಂಡು ಉಂಗುರದ ಕೆಳಗಿನ ಕಟ್ಟನ್ನು ಬಿಚ್ಚತೊಡಗಿದಳು. ಮೇಲಿನ ಎಳೆ ಹೊಸ ತಾಮ್ರ. ಅದರ ಕೆಳಗೆ ಇನ್ನೊಂದು ಕಟ್ಟಿತ್ತು, ಅದು ಅವಳು ಹಾಕಿದ್ದಲ್ಲ. ಕೆಂಪು ಬಣ್ಣ ಲೇಪಿಸಿದ ತಂತಿ. ಇಕ್ಕಳ ಕೈಯಲ್ಲೇ ನಿಂತಿತು. ಆ ಬಣ್ಣದ ತಂತಿ ಬೇಕೆಂದು ಹಟ ಹಿಡಿದವನು ಒಬ್ಬನೇ, ದರ್ಜಿ. ಅದರ ಕೆಳಗೆ ಹಿತ್ತಾಳೆ ಎಳೆ, ಲೆಕ್ಕದ ಮೇಷ್ಟರದು. ಬೆಳ್ಳಿಬಣ್ಣದ್ದು ನರ್ಸಿನದು. ಕಿಲುಬು ಕಟ್ಟಿ ಹಸಿರಾಗಿದ್ದದ್ದು ಬ್ರೆಡ್ಡಿನ ಅಂಗಡಿಯವಳದು. ಎಷ್ಟು ಹೇಳಿದರೂ ಅವಳು ನೀರಲ್ಲಿ ಕೈ ಹಾಕುವಾಗ ಉಂಗುರ ತೆಗೆಯುತ್ತಿರಲಿಲ್ಲ, ಹಲಗೆಯ ಮೇಲಿನ ಬಳೆಗೂ ಒಮ್ಮೆ ಒದ್ದೆ ಕೈ ಹಚ್ಚಿದ್ದಳು. ಎಲ್ಲಕ್ಕಿಂತ ಒಳಗೆ, ಅವಳೇ ಹಾಕಿದ ಹಳೆಯ ಕಟ್ಟಿಗೆ ತಾಗಿಕೊಂಡು, ಎರಡು ಗಂಟು ಬಿದ್ದ ತಂತಿ ಮೂಲೆಮನೆಯ ಅಜ್ಜಿಯದು.

ತಂಗಿ ಚೀಲ ಹಿಡಿದು ಒಳಗೆ ಬಂದಾಗ ಮೇಜಿನ ಮೇಲೆ ಐದು ತಂತಿಗಳು ಸಾಲಾಗಿ ಮಲಗಿದ್ದವು. ಚೀಲ ಕೆಳಗಿಡುವುದನ್ನೂ ಅವಳು ಮರೆತಳು.

"ಪುಟ್ಟಿ, ಎಷ್ಟು ದಿನದಿಂದ?"

"ಯುಗಾದಿಯಿಂದ... ಎಂಟು ತಿಂಗಳಾಯ್ತು ಅಕ್ಕಾ."

"ಮತ್ತೆ ನನ್ನ ರವಿಕೆ? ಅದೂ ಸಡಿಲ ಆಗ್ಲಿಲ್ಲವಲ್ಲ."

"ಅದರ ಹೊಲಿಗೇನೂ ನಾನೇ ಹಿಡಿದೆ." ಅವಳು ಕೊನೆಗೂ ಚೀಲ ಕೆಳಗಿಟ್ಟಳು. "ಉಂಗುರ ಜಾರೋದು ನೋಡಿದ್ರೆ ನೀನು ಏನು ಅಂದ್ಕೋತೀಯ ಅಂತ ನನಗೆ ಗೊತ್ತಿಲ್ವಾ? ಬಿಗಿ ಮಾಡಿಸ್ಕೊಂಡವರು ಒಬ್ಬರೂ ಉಳೀಲಿಲ್ಲ. ನೀನು ಬಿಗಿ ಮಾಡ್ಕೋಬಾರದು ಅಂತ ನಾನೇ ಮಾಡಿದೆ."

"ಹೊಸ ತಂತಿ ಇರ್ಲಿಲ್ವಾ ಮನೇಲಿ?"

"ಸುರುಳೀಲಿ ಅಷ್ಟು ಕಡಿಮೆ ಆಗಿದ್ರೆ ನಿನ್ನ ಕಣ್ಣಿಗೆ ಬೀಳ್ತಿರ್ಲಿಲ್ವಾ? ಮೇಲಿನ ಎಳೆಗೆ ಮಾತ್ರ ಹೊಸದು. ಡಬ್ಬಿ ಕಡೆ ನೀನು ನೋಡಲ್ಲ. ಆಮೇಲೆ..." ತಂಗಿ ತಂತಿಗಳ ಕಡೆ ನೋಡದೆ ಹೇಳಿದಳು. "ಅವರೆಲ್ಲ ನಿನ್ನ ಕಂಡ್ರೆ ಪ್ರೀತಿ ಇದ್ದೋರು. ಹಿಡ್ಕೊಂಡಿರ್ತಾರೆ ಅನ್ನಿಸ್ತು."

"ಹಿಡ್ಕೊಂಡಿದ್ದಾರೋ, ಎಳ್ಕೊಂಡು ಹೋಗ್ತಿದ್ದಾರೋ, ಕೇಳಿದ್ಯಾ ಅವರನ್ನ?"

ತಂಗಿ ಅಳುತ್ತ ಕುಳಿತುಬಿಟ್ಟಳು. ತಂತಿ ಅಕ್ಕ ತನ್ನ ಖಾಲಿ ಬೆರಳನ್ನು ಬೆಳಕಿಗೆ ಹಿಡಿದು ನೋಡಿದಳು. ಬೇರೆಯವರಿಗೆಲ್ಲ ಬೆರಳು ನಂಬಿ ಎಂದವಳು ತಾನು ನಂಬಿದ್ದು ಉಂಗುರವನ್ನು. ಎಂಟು ತಿಂಗಳು ಮೈ ಕೂಗಿ ಹೇಳಿದ್ದು ಕಿವಿಗೇ ಬಿದ್ದಿರಲಿಲ್ಲ.

ಮರುದಿನ ಬೆಳಿಗ್ಗೆಯೇ ಇಬ್ಬರೂ ಆಸ್ಪತ್ರೆಗೆ ಹೊರಟರು. ಬಾಗಿಲು ಹಾಕುವಾಗ ತಂಗಿ, "ಒಬ್ಬರನ್ನೂ ಕೇಳದೆ ಹೊರಟ್ವಿ, ದಾರಿ ಗೊತ್ತಾ ಅಕ್ಕಾ?" ಎಂದಳು. "ಆ ಐದು ಜನಕ್ಕೂ ಗೊತ್ತಿತ್ತು. ನಾವು ಅವರಿಗಿಂತ ಬೇಗ ಹೋಗಬೇಕು, ಅಷ್ಟೇ" ಎಂದಳು ತಂತಿ ಅಕ್ಕ.

ರಕ್ತ ತೆಗೆದರು, ಫೋಟೋ ತೆಗೆದರು. ಡಾಕ್ಟರಮ್ಮ ಕಾಗದ ನೋಡಿ, "ಇಷ್ಟು ದಿನ ಏನು ಮಾಡ್ತಿದ್ರಿ? ಇನ್ನೆರಡು ತಿಂಗಳು ಬಿಟ್ಟು ಬಂದಿದ್ರೆ ನನ್ನ ಕೈಲಿ ಏನೂ ಇರ್ತಿರ್ಲಿಲ್ಲ" ಎಂದರು. ಗುಳಿಗೆ, ಸೂಜಿ, ವಾರಕ್ಕೊಮ್ಮೆ ಹಾಜರಿ ಶುರುವಾದವು.

ಮನೆಯಲ್ಲಿ ಹೊಸ ನಿಯಮ ಬಂತು. ಪ್ರತಿ ಸೋಮವಾರ ತಂಗಿ ಅಕ್ಕನ ಬೆರಳಿಗೆ ಹೊಸ ಬಳೆ ಮಾಡಿ ಕೋಲಿಗೆ ಹಾಕಬೇಕು, ಗೆರೆಯನ್ನು ಬಾಯಿಬಿಟ್ಟು ಹೇಳಬೇಕು. ಮೊದಲ ವಾರ ಹದಿಮೂರು. ಎರಡನೇ ವಾರ ಹನ್ನೆರಡೂವರೆ. ಹೇಳುವಾಗ ತಂಗಿಯ ದನಿ ಉಡುಗಿತ್ತು, ಆದರೂ ಹೇಳಿದಳು.

ಆ ಐದು ತಂತಿಗಳನ್ನು ತಂತಿ ಅಕ್ಕ ಬೆರಳಲ್ಲೇ ಉಜ್ಜಿ ನೆಟ್ಟಗೆ ಮಾಡಿ ಡಬ್ಬಿಗೆ ಹಾಕಿದ್ದಳು. ಎರಡನೇ ಸೋಮವಾರ ಕಳೆದು ಎರಡು ದಿನಕ್ಕೆ ಮುಚ್ಚಳ ತೆಗೆದರೆ ಐದೂ ಬಾಗಿ ದುಂಡಗಾಗಿದ್ದವು. ಹಳೆಯ ತಂತಿ ಸ್ವಲ್ಪ ಹಿಂದಕ್ಕೆ ಬಾಗುವುದು ಅವಳಿಗೆ ಹೊಸತಲ್ಲ. ಆದರೆ ದರ್ಜಿಯ ಬೆರಳು ದಪ್ಪ, ಅಜ್ಜಿಯದು ಕಡ್ಡಿ. ಇಲ್ಲಿ ಐದೂ ಒಂದೇ ಅಳತೆಗೆ ಬಾಗಿದ್ದವು. ಕೋಲಿಗೆ ಹಾಕಿದಳು. ಹನ್ನೆರಡೂವರೆ. ಅದು ಅವಳದೇ ಬೆರಳಿನ ಈ ವಾರದ ಅಳತೆ. ಮತ್ತೆ ನೆಟ್ಟಗೆ ಮಾಡಿದಳು. ಅವು ಮತ್ತೆ ದುಂಡಗಾದವು. ಈ ಸಂಗತಿಯನ್ನು ತಂಗಿಗೆ ಹೇಳಲಿಲ್ಲ.

ಆರನೇ ಸೋಮವಾರ ತಂಗಿ ಬಳೆಯನ್ನು ಕೋಲಿಗೆ ಹಾಕಿದಳು, ತೆಗೆದು ಮತ್ತೆ ಹಾಕಿದಳು.

"ಹೇಳೇ."

"ಹದಿನಾಲ್ಕು."

"ಸುಳ್ಳು ಹೇಳ್ಬೇಡ ಪುಟ್ಟಿ."

"ನೀನೇ ನೋಡು."

ಕೋಲನ್ನು ಕಿಟಕಿಯ ಬೆಳಕಿಗೆ ಹಿಡಿದಳು. ಹದಿನಾಲ್ಕೇ. ತಂಗಿ ಅವಳ ಭುಜ ಹಿಡಿದು ಅಲ್ಲಾಡಿಸಿದಳು, ಅತ್ತಳು, ನಕ್ಕಳು, ಚಹಾ ಮಾಡಲು ಒಳಗೆ ಓಡಿದಳು. ಹೊಸ ಬಳೆಯನ್ನು ತಂತಿ ಅಕ್ಕ ಹಲಗೆಯ ಮೊದಲ ಮೊಳೆಗೆ ಹಾಕಿದಳು. ಆಮೇಲೆ ಅವಳ ಕಣ್ಣು ಡಬ್ಬಿಯ ಮೇಲೆ ಬಿತ್ತು. ಅದರೊಳಗಿನ ಐದೂ ಇವತ್ತು ಯಾವ ಗೆರೆಗೆ ನಿಂತಾವು? ಕೈ ಮುಚ್ಚಳದವರೆಗೆ ಹೋಯಿತು. ಒಳಗೆ ಏನೋ ಸಣ್ಣಗೆ ಜರುಗಿದ ಸದ್ದಾಯಿತು.

ಅವಳು ಮುಚ್ಚಳವನ್ನು ಒತ್ತಿ ಹಾಕಿ, ಅದರ ಮೇಲೆ ಕಬ್ಬಿಣದ ಅಳತೆಕೋಲನ್ನು ಅಡ್ಡಲಾಗಿ ಇಟ್ಟಳು. "ಚಹಾಕ್ಕೆ ಸಕ್ಕರೆ ಜಾಸ್ತಿ ಹಾಕೇ" ಎಂದು ಒಳಗೆ ಕೂಗಿ ಹೇಳಿ, ಡಬ್ಬಿಗೆ ಬೆನ್ನು ಮಾಡದೆ ಕುರ್ಚಿ ತಿರುಗಿಸಿಕೊಂಡು ಕುಳಿತಳು.